ಅಂತೆಗೆ ತಿರುಗುವ ಫ್ಯಾನು

ನಮ್ಮೂರಿನ ಗುಡ್ಡದ ಮೇಲಿನ ಗಾಳಿಯಂತ್ರ, ನಮ್ಮ ಬಾಯಲ್ಲಿ ಫ್ಯಾನು, ನೋಡಲು ಬರುವವರು ಮೊದಲು ಕೇಳುವ ಪ್ರಶ್ನೆ ಒಂದೇ: "ಇಲ್ಲಿ ಒಂದೆಲೆ ಅಲುಗುವಷ್ಟೂ ಗಾಳಿ ಇಲ್ಲವಲ್ಲ, ಇದು ಹೇಗೆ ತಿರುಗುತ್ತದೆ?" ನಾನು ಮಂಡಕ್ಕಿಗೆ ಎಣ್ಣೆ, ಖಾರ ಕಲಸುತ್ತ, "ಗಾಳಿಮಾತಿಗೆ" ಎನ್ನುತ್ತೇನೆ. ಅವರು ನಗುತ್ತಾರೆ, ನಾನೂ ನಗುತ್ತೇನೆ. ವ್ಯಾಪಾರದ ಹೊತ್ತಿನಲ್ಲಿ ಅದಕ್ಕಿಂತ ಹೆಚ್ಚು ಬಿಡಿಸಿ ಹೇಳಲು ಯಾರಿಗೆ ಪುರುಸೊತ್ತಿದೆ?

ಅಂತೆ ಎಂಬ ಎರಡಕ್ಷರವನ್ನು ನಮ್ಮೂರಿನಲ್ಲಿ ಯಾರೂ ಸುಮ್ಮನೆ ಖರ್ಚು ಮಾಡುವುದಿಲ್ಲ. ನಾನು ಕಣ್ಣಾರೆ ಕಂಡೆ ಎಂದು ಎಷ್ಟು ಬಡಕೊಂಡರೂ ಫ್ಯಾನಿನ ರೆಕ್ಕೆ ಮಿಸುಕುವುದಿಲ್ಲ. ಯಾರು ಹೇಳಿದರು, ಯಾವಾಗ ಹೇಳಿದರು ಎಂಬ ತಲೆಬುಡವಿಲ್ಲದ ಒಂದು ಮಾತು ನಾಲ್ಕಾರು ಬಾಯಿ ದಾಟಿ, ಬಾಲಕ್ಕೆ ಅಂತೆ ಅಂಟಿಸಿಕೊಂಡು ಹೊರಟಿತೋ, ಗುಡ್ಡದ ಮೇಲೆ ಗೊರಕ್ ಎಂದು ಸದ್ದಾಗಿ ಮೂರು ರೆಕ್ಕೆಗಳೂ ಏಳುತ್ತವೆ, ಬೀದಿ ದೀಪ ಹತ್ತುತ್ತದೆ. ಮದುವೆಯ ತಿಂಗಳುಗಳಲ್ಲಿ ನಮ್ಮ ದೀಪಗಳು ಕಣ್ಣು ಕುಕ್ಕುವಷ್ಟು ಉರಿಯುತ್ತವೆ. ಪರೀಕ್ಷೆಯ ಕಾಲದಲ್ಲಿ ದೊಡ್ಡವರೆಲ್ಲ ಬಾಯಿಗೆ ಬೀಗ ಹಾಕಿಕೊಂಡು ಕೂರುವುದರಿಂದ ಮಕ್ಕಳು ಮಬ್ಬು ಬೆಳಕಿನಲ್ಲೇ ಓದಬೇಕು. ಮನೆಯೊಳಗೆ ಕೂತು ಅಂತೆ ಅಂದ ಮಕ್ಕಳ ತಲೆಗೆ ತಾಯಂದಿರು ಮೊಟಕಿ, "ಪೋಲು ಮಾಡಬ್ಯಾಡ, ಭಾನುವಾರಕ್ಕೆ ಇಟ್ಕೋ" ಎನ್ನುತ್ತಾರೆ. ಭಾನುವಾರ ಬಸ್ಸುಗಳು ಬರುವ ದಿನ.

ಮಾತು ಸುಳ್ಳಾಗಿರಬೇಕು, ಅದೊಂದು ಪಥ್ಯ. ನಿಜ ಸೋಕಿತೋ, ತಿರುಗುತ್ತಿದ್ದ ಫ್ಯಾನು ಗಕ್ಕನೆ ನಿಂತುಬಿಡುತ್ತದೆ. ಗಿರಣಿ ಸಿದ್ರಾಮಣ್ಣನ ತಲೆ ಮೇಲಿರುವುದು ಅಂಗಡಿಯಿಂದ ತಂದ ಕೂದಲಂತೆ ಎಂದು ಯಾರೋ ತಮಾಷೆಗೆ ಹಬ್ಬಿಸಿದಾಗ ಹಾಗೇ ಆಯಿತು. ಊರಿಗೆ ಊರೇ ಮೊದಲು ಗುಡ್ಡ ನೋಡಿತು, ಆಮೇಲೆ ಸಿದ್ರಾಮಣ್ಣನ ತಲೆ ನೋಡಿತು. ಅವರು ಕೆಲವು ದಿನ ಗಿರಣಿಯ ಕಡೆ ಸುಳಿಯಲಿಲ್ಲ, ಸುಳಿದಾಗ ಬೋಳು ತಲೆಯಲ್ಲೇ ಬಂದರು. ಆ ಪ್ರಸಂಗ ಆದ ಮೇಲೆ ಫ್ಯಾನ್ ಕಮಿಟಿ ಹುಟ್ಟಿಕೊಂಡಿತು. ಯಾರ ಮೇಲೆ ಏನು ಹಬ್ಬಿಸಬೇಕು ಎಂದು ತೀರ್ಮಾನ ಮಾಡುವವರು ಅವರೇ. ಸಾವು, ಕಾಯಿಲೆ, ಮಕ್ಕಳ ಮಾರ್ಕ್ಸು ಇವನ್ನು ಮುಟ್ಟುವ ಹಾಗಿಲ್ಲ. ವಾರಕ್ಕೊಬ್ಬರ ಪಾಳಿ. ಪಾಳಿ ಬಂದವರು ವಾರವಿಡೀ ತಮ್ಮ ಮೇಲಿನ ಮಾತಿಗೆ ಇಲ್ಲ ಎನ್ನುವ ಹಾಗಿಲ್ಲ. ಸೋಮವಾರ ಬೆಳಿಗ್ಗೆ ಗುಡ್ಡ ಹತ್ತಿ, "ಸುಳ್ಳು ಕಣ್ರಪ್ಪೋ" ಎಂದು ಕೂಗಿದರೆ ಫ್ಯಾನು ನಿಲ್ಲುತ್ತದೆ, ಗ್ರೀಸು ಹಚ್ಚುವವರು ಡಬ್ಬ ಹಿಡಿದು ಏಣಿ ಹತ್ತುತ್ತಾರೆ.

ಕಮಿಟಿಗೆ ಅಧ್ಯಕ್ಷೆ ವಿಶಾಲಾಕ್ಷಿ ಟೀಚರು. ನಮ್ಮೂರ ಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು. ನಾನೂ ಅವರ ಕೈಯಲ್ಲಿ ಕಿವಿ ಹಿಂಡಿಸಿಕೊಂಡೇ ವ್ಯಾಕರಣ ಕಲಿತವಳು. ಸುಳ್ಳಿನ ವಿಷಯದಲ್ಲಿ ಅವರಷ್ಟು ಶಿಸ್ತಿನ ಮನುಷ್ಯರನ್ನು ನಾನು ಕಂಡಿಲ್ಲ. ಸುಳ್ಳು ಸ್ವಚ್ಛವಾಗಿರಬೇಕು, ಅದರಲ್ಲಿ ನಿಜದ ಒಂದು ಕಲ್ಲೂ ಸಿಗಬಾರದು ಎನ್ನುತ್ತಾರೆ, ಅಕ್ಕಿ ಆರಿಸುವವರ ಥರ.

ಆ ವಾರ ಪಾಳಿ ನನ್ನದು. ಹೊನ್ನಕ್ಕನ ಮಂಡಕ್ಕಿ ಮೂಟೆಯಲ್ಲಿ ಹೊನ್ನಿನ ಸರ ಸಿಕ್ಕಿತಂತೆ ಎಂದು ಹಬ್ಬಿಸಿದರು. ಹೆಸರಿಗೂ ಸುದ್ದಿಗೂ ಪ್ರಾಸ ಕೂಡಿತೆಂದು ಟೀಚರಿಗೆ ಬಹಳ ಖುಷಿ. ಆದರೆ ಊರಿನವರಿಗೆ ನನ್ನ ಮೂಟೆ ಗೊತ್ತು, ನನ್ನ ಕೈ ಗೊತ್ತು, ಚಿನ್ನ ಸಿಕ್ಕಿದ್ದರೆ ನಾನು ಗುಡ್ಡದ ಮೇಲೆ ನಿಂತು ಊರಿಗೆಲ್ಲ ಕೇಳಿಸುವ ಹಾಗೆ ಕೂಗುತ್ತಿದ್ದೆ ಎಂಬುದೂ ಗೊತ್ತು. ಯಾರೂ ಮಾತನ್ನು ಎರಡನೆಯ ಸಲ ಬಾಯಿಗೆ ತೆಗೆದುಕೊಳ್ಳಲಿಲ್ಲ. ಫ್ಯಾನು ನಿದ್ದೆಗಣ್ಣಿನಲ್ಲಿ ಮಗ್ಗುಲು ಬದಲಿಸಿದ ಹಾಗೆ ಒಂದೊಂದೇ ಸುತ್ತು ಹಾಕುತ್ತಿತ್ತು. ನನಗೇನೋ ಒಳ್ಳೆಯದೇ ಆಗಿತ್ತು. ಫ್ಯಾನು ಜೋರಾಗಿ ತಿರುಗಿದಾಗ ಹುಟ್ಟುವ ಗಾಳಿಗೆ ಮೊದಲು ಹಾರುವುದು ನನ್ನ ಮಂಡಕ್ಕಿ.

ಮಂಡಕ್ಕಿ ಹಾರದ ಹಾಗೆ ನನ್ನ ಅಂಗಡಿಗೆ ತಾಡಪತ್ರಿಯ ಮರೆ ಕಟ್ಟಿಕೊಟ್ಟವರು ಮುರಿಗೆಪ್ಪನವರು. ಫೋಟೋ ತೆಗೆಯುವವರು. ಬಂದವರೆಲ್ಲ ಫ್ಯಾನನ್ನು ಅಂಗೈಯಲ್ಲಿ ಹೊತ್ತುಕೊಂಡ ಹಾಗೆ, ಎರಡು ಬೆರಳಲ್ಲಿ ಚಿವುಟಿ ಹಿಡಿದ ಹಾಗೆ ಫೋಟೋ ಬೇಕೆನ್ನುತ್ತಾರೆ. ಎಲ್ಲರ ಕೈಗೂ ಮೊಬೈಲು ಬಂದ ಮೇಲೂ, ಎಲ್ಲಿ ನಿಂತರೆ ಫ್ಯಾನು ಅಂಗೈಗೆ ಬರುತ್ತದೆ ಎಂದು ಹೇಳಲು ಅವರೇ ಬೇಕು. "ಒಂಚೂರು ಎಡಕ್ಕೆ ಬರ್ರಿ. ಕೈ ಮ್ಯಾಕೆ. ಹಾಂ, ಈಗ ನಿಮ್ದಾಯ್ತು ನೋಡ್ರಿ." ಇಷ್ಟು ಬಿಟ್ಟರೆ ಅವರ ಬಾಯಿಂದ ಮಾತು ಬರುವುದು ಅಪರೂಪ. ನಮ್ಮೂರಿನಲ್ಲಿ ಅಂತೆ ಎಂದು ಒಂದು ಸಲವೂ ಅನ್ನದ ಮನುಷ್ಯ ಅವರೊಬ್ಬರೇ. "ಕಂಡಿದ್ದು ಹೇಳಬಹುದು, ಕಾಣದ್ದು ಹೆಂಗೆ ಹೇಳ್ಲಿ" ಎನ್ನುತ್ತಾರೆ. ಈ ಕಾರಣಕ್ಕೆ ಕಮಿಟಿಯವರು ಅವರನ್ನು ಉಪಯೋಗಕ್ಕೆ ಬಾರದವರ ಸಾಲಿಗೆ ಸೇರಿಸಿದ್ದರು.

ಹೆಂಡತಿ ತೀರಿಕೊಂಡು ಬಹಳ ಕಾಲವಾಗಿತ್ತು ಅವರಿಗೆ. ನನಗೆ ಮದುವೆ ಎಂಬುದು ಆಗಲೇ ಇಲ್ಲ. ಆಗಬೇಕಾದ ವಯಸ್ಸಿನಲ್ಲಿ ತಮ್ಮಂದಿರ ಓದು, ಅವರ ಮದುವೆ ಎಂದು ಓಡಾಡಿ, ತಿರುಗಿ ನೋಡುವಷ್ಟರಲ್ಲಿ ಕೇಳುವವರು ಕೇಳುವುದನ್ನು ಬಿಟ್ಟಿದ್ದರು. ಮಧ್ಯಾಹ್ನ ಬಿಸಿಲೇರಿದಾಗ ಮುರಿಗೆಪ್ಪನವರು ನನ್ನ ಮರೆಯ ನೆರಳಿಗೆ ಬಂದು ಕೂರುತ್ತಿದ್ದರು. ಅವರಿಗೆ ಹಸಿ ಈರುಳ್ಳಿ ಆಗುವುದಿಲ್ಲ. ನಾನು ಕೇಳದೆಯೇ ಈರುಳ್ಳಿ ಬಿಟ್ಟು ಮಂಡಕ್ಕಿ ಕಲಸಿ, ಪಕ್ಕಕ್ಕೊಂದು ಮೆಣಸಿನಕಾಯಿ ಬಜ್ಜಿ ಇಟ್ಟು ಕೊಡುತ್ತಿದ್ದೆ. ಅವರು ತಿಂದು, ಕಾಗದ ಮಡಚಿ ಜೇಬಿಗಿಟ್ಟುಕೊಂಡು, ನನ್ನ ಡಬ್ಬದ ಮುಚ್ಚಳದ ಮೇಲೆ ಕಲ್ಲು ಸರಿಯಾಗಿದೆಯೇ ಎಂದು ನೋಡಿ ಎದ್ದು ಹೋಗುತ್ತಿದ್ದರು. ಇಷ್ಟೇ. ಈ ಇಷ್ಟರ ಮೇಲೆ ನಾನು ಮನಸ್ಸಿನಲ್ಲಿ ಒಂದು ಮನೆಯನ್ನೇ ಕಟ್ಟಿಕೊಂಡಿದ್ದೆ. ಅವರ ಮನಸ್ಸಿನಲ್ಲಿ ಏನಿತ್ತೋ ನನಗೆ ಗೊತ್ತಿರಲಿಲ್ಲ. ಕೇಳುವ ಧೈರ್ಯವೂ ಇರಲಿಲ್ಲ.

ಶನಿವಾರ ಸಂಜೆ ವಿಶಾಲಾಕ್ಷಿ ಟೀಚರು ಏದುಸಿರು ಬಿಡುತ್ತ ಗುಡ್ಡ ಹತ್ತಿ ನನ್ನ ಅಂಗಡಿಗೆ ಬಂದರು. ಮುರಿಗೆಪ್ಪನವರು ಆಗಲೇ ಮನೆಗೆ ಹೋಗಿದ್ದರು. ಮರುದಿನ ಬೇಸಿಗೆ ರಜೆಯ ಮೊದಲ ಭಾನುವಾರ, ದೂರದೂರದಿಂದ ಬಸ್ಸು ಮಾಡಿಕೊಂಡು ಜನ ಬರುವವರಿದ್ದರು.

"ನಿನ್ನ ಚಿನ್ನ ಯಾತಕ್ಕೂ ಬರಲಿಲ್ಲ ಕಣೆ ಹೊನ್ನಿ" ಎಂದರು. "ಪುಸ್ಸಂತ ಹೋಯ್ತು. ನಾಳೆ ಜನ ಬಂದು ಆಕಳಿಸಿ ಹೋಗ್ತಾರೆ."

"ಅದಕ್ಕೆ ನಾನೇನು ಮಾಡ್ಲಿ ಟೀಚರೇ? ಸುಳ್ಳು ನಿಮ್ದು, ಮೂಟೆ ಮಾತ್ರ ನಂದು."

"ಬೇರೆ ಹುಡುಕೀನಿ. ಇಷ್ಟು ವರ್ಷದಲ್ಲಿ ಇಂಥ ಚೊಕ್ಕ ಸುಳ್ಳು ನನಗೇ ಹೊಳೆದಿರಲಿಲ್ಲ." ಸುತ್ತ ನೋಡಿ, ಕಿವಿಯ ಹತ್ತಿರ ಬಂದರು. "ಮುರಿಗೆಪ್ಪ ಹೊನ್ನಕ್ಕನ್ನ ಮದುವೆ ಆಗಬೇಕು ಅಂತ ಮನಸ್ಸು ಮಾಡವ್ರಂತೆ."

ನನ್ನ ಕೈಯಲ್ಲಿದ್ದ ಸೌಟು ಎಣ್ಣೆಗೆ ಬಿತ್ತು.

"ಹೆದರಬ್ಯಾಡ" ಎಂದರು ಟೀಚರು. "ಮದುವೆ ಮಾತು ಅಂದ್ರೆ ಮರ್ಯಾದೆ ಮಾತೇ. ಜನ ಬಾಯಿ ಚಪ್ಪರಿಸಿಕೊಂಡು ಹೇಳ್ತಾರೆ. ಮುರಿಗೆಪ್ಪನ ಎದೆಯೊಳಗೆ ಅಂಥದ್ದೊಂದು ಇರಾಕೆ ಸಾಧ್ಯನಾ? ಬಂಡೆ ಕಣೆ ಆ ಮನುಷ್ಯ. ಇದರಲ್ಲಿ ನಿಜ ಹುಡುಕಿದ್ರೂ ಸಿಗಾಕಿಲ್ಲ."

ನಾನು ಬೇಡ ಎನ್ನಬಹುದಿತ್ತು. ಬೇಡ ಅಂದರೆ ಏಕೆ ಎಂದು ಕೇಳುತ್ತಿದ್ದರು. "ನಿಮ್ಮಿಷ್ಟ" ಎಂದುಬಿಟ್ಟೆ.

ಮನೆಗೆ ಬಂದು ಒಲೆ ಹಚ್ಚುವಾಗ ನನಗೆ ವಿಷಯ ಪೂರ್ತಿ ಅರ್ಥವಾಯಿತು. ನಾಳೆ ಫ್ಯಾನು ಗಿರಗಿರ ತಿರುಗಿದರೆ ಊರಿಗೆ ಸಂತೋಷ, ಬಂದವರಿಗೆ ಸಂತೋಷ. ನನಗೆ ಮಾತ್ರ ಆ ಮನುಷ್ಯನ ಎದೆಯಲ್ಲಿ ನಾನಿಲ್ಲ ಎಂದು ಮೂರು ರೆಕ್ಕೆ ಬೀಸಿ ಹೇಳಿದ ಹಾಗೆ. ಇಷ್ಟು ದಿನ ಗೊತ್ತಿಲ್ಲ ಎಂಬುದೇ ನನ್ನ ಆಸ್ತಿಯಾಗಿತ್ತು. ಅದನ್ನು ಬಸ್ಸುಗಟ್ಟಲೆ ಜನರ ಮುಂದೆ ಕಳೆದುಕೊಳ್ಳಬೇಕಿತ್ತು. ಫ್ಯಾನು ನಿಂತರೆ ಏನು ಎಂದು ಯೋಚಿಸಲು ಹೋಗಲಿಲ್ಲ. ಅಷ್ಟು ದೊಡ್ಡ ಆಸೆ ಇಟ್ಟುಕೊಳ್ಳುವ ಅಭ್ಯಾಸ ನನಗಿರಲಿಲ್ಲ. ಅವತ್ತಿನ ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ನೆನಪಿಲ್ಲ.

ಭಾನುವಾರ ಗುಡ್ಡದ ತುಂಬ ಜನವೋ ಜನ. ಮಕ್ಕಳು ಕಂಬದ ಬುಡ ಸುತ್ತುತ್ತಿದ್ದರು, ಗಂಡಸರು ಕತ್ತೆತ್ತಿ ಎಷ್ಟೆತ್ತರವೆಂದು ವಾದ ಮಾಡುತ್ತಿದ್ದರು. ಹೊನ್ನಿನ ಸರದ ಹಳಸಲು ಸುದ್ದಿಗೆ ಫ್ಯಾನು ಇನ್ನೂ ಮೆಲ್ಲಗೆ ತೂಕಡಿಸಿಕೊಂಡು ತಿರುಗುತ್ತಿತ್ತು. ಟೀಚರು ಹೊಸ ಮಾತನ್ನು ಬಸ್‌ಸ್ಟ್ಯಾಂಡಿನ ಹೂವಿನವಳ ಕಿವಿಗೆ ಬಿಟ್ಟಿದ್ದರು. ಅದು ಅಲ್ಲಿಂದ ಎಳನೀರಿನವನಿಗೆ, ಎಳನೀರಿನವನಿಂದ ಬಂದವರಿಗೆ ದಾಟಿ, ಮೆಟ್ಟಿಲು ಮೆಟ್ಟಿಲೇ ಹತ್ತಿ ಬರುವುದು ನನಗೆ ಮೇಲಿನಿಂದ ಕಾಣುತ್ತಿತ್ತು. ಒಂದು ತಲೆ ಇನ್ನೊಂದು ತಲೆಯ ಕಡೆ ವಾಲುತ್ತದೆ, ಆಮೇಲೆ ಎರಡೂ ತಲೆ ನನ್ನ ಅಂಗಡಿಯ ಕಡೆ ತಿರುಗುತ್ತವೆ. ನಾನು ಈರುಳ್ಳಿ ಹೆಚ್ಚುತ್ತಿದ್ದೆ. ಕಣ್ಣಲ್ಲಿ ನೀರು ಬಂದರೆ ಅದಕ್ಕೊಂದು ಕಾರಣ ಇರಲಿ ಎಂದು.

ಮಾತು ಕೊನೆಯ ಮೆಟ್ಟಿಲು ಹತ್ತಿತು. ಫ್ಯಾನು ನಿಂತಿತು.

ತೂಕಡಿಸಿ ನಿಂತದ್ದಲ್ಲ, ಗಕ್ಕನೆ ನಿಂತದ್ದು. ಒಂದು ರೆಕ್ಕೆ ನೇರವಾಗಿ ನನ್ನ ಅಂಗಡಿಯ ಕಡೆ ಬೊಟ್ಟು ಮಾಡಿತ್ತು. ಹೊರಗಿನವರು "ಅಯ್ಯೋ, ಕೆಟ್ಟೋಯ್ತಾ?" ಎಂದು ಗೊಣಗಿದರು. ಊರಿನವರಲ್ಲಿ ಯಾರೂ ಗೊಣಗಲಿಲ್ಲ. ಎಲ್ಲರೂ ಗುಡ್ಡದ ಮೇಲೆ ನಿಂತಲ್ಲೇ ನಿಂತು ಮುರಿಗೆಪ್ಪನವರನ್ನು ನೋಡಿದರು. ಸಿದ್ರಾಮಣ್ಣ ತಮ್ಮ ಬೋಳು ತಲೆ ಸವರಿಕೊಂಡರು. ವಿಶಾಲಾಕ್ಷಿ ಟೀಚರು ಬಾಯಿಗೆ ಸೆರಗು ಹಿಡಿದುಕೊಂಡು, "ನಿಜ ಆಗೋಯ್ತಲ್ಲೋ ಶಿವನೇ" ಎಂದರು.

ನನಗೆ ಸಂತೋಷವೇ ಆಯಿತು, ಸುಳ್ಳು ಯಾಕೆ ಹೇಳಲಿ. ಜೊತೆಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸುವಷ್ಟು ನಾಚಿಕೆ.

ಮುರಿಗೆಪ್ಪನವರು ಆಗ ಒಬ್ಬ ಯುವಕನನ್ನು ಕೈ ಮೇಲೆತ್ತಿಸಿ ನಿಲ್ಲಿಸಿದ್ದರು. ಜನ ತಮ್ಮನ್ನೇ ನೋಡುತ್ತಿರುವುದು ಕಂಡು, ಯಾರನ್ನೋ ಕೇಳಿ ತಿಳಿದುಕೊಂಡರು. ನಿಂತ ಫ್ಯಾನನ್ನು ಒಂದು ಸಲ ನೋಡಿದರು. ಅಲ್ಲಗಳೆಯಲಿಲ್ಲ, ನಗಲೂ ಇಲ್ಲ. ಕ್ಯಾಮೆರಾದ ಮುಚ್ಚಳ ಹಾಕಿ, ಅಷ್ಟು ಜನರ ಮಧ್ಯೆ ನಡೆದು ನನ್ನ ಅಂಗಡಿಯ ಮುಂದೆ ಬಂದು ನಿಂತರು.

"ಹೊನ್ನಮ್ಮೋರೆ, ಅದು ನಿಂತಿರಾದು ಸರಿಯಾಗೇ ಐತೆ. ಆದ್ರೆ ನಿಮ್ಮನ್ನ ಹಿಂಗೆ ಜನದ ಬಾಯಿಗೆ ಹಾಕಬೇಕು ಅಂತ ಇರಲಿಲ್ಲ. ಮುಜುಗರ ಆಗಿದ್ರೆ ತಪ್ಪಾಯ್ತು. ನಾಳೆಯಿಂದ ನಾನು ಆ ಕಡೆ ಬಂಡೆ ಹತ್ರ ನಿಂತ್ಕೊತೀನಿ."

ಅಷ್ಟು ಉದ್ದದ ಮಾತನ್ನು ಅವರು ಆಡಿದ್ದು ಅದೇ ಮೊದಲು. ಹೇಳಿದವರೇ ತಿರುಗಿ ಹೋಗಿ ಕ್ಯಾಮೆರಾ ಸ್ಟ್ಯಾಂಡಿನ ಕಾಲುಗಳನ್ನು ಮಡಚತೊಡಗಿದರು. ಬಂಡೆ ಗುಡ್ಡದ ಆಚೆ ಬದಿಗಿದೆ. ಅಲ್ಲಿಂದ ಫ್ಯಾನು ಕಾಣುತ್ತದೆ, ನನ್ನ ಅಂಗಡಿ ಕಾಣುವುದಿಲ್ಲ.

"ಹೂಂ ಅನ್ನೇ ಹೊನ್ನಕ್ಕ" ಎಂದು ಯಾರೋ ಹಿಂದಿನಿಂದ ಕೂಗಿದರು. ಇನ್ಯಾರೋ ಸಿಳ್ಳೆ ಹೊಡೆದರು. ಟೀಚರು ಮಾತ್ರ ಕೈ ಕೈ ಹಿಸುಕಿಕೊಂಡು, "ಫ್ಯಾನು ಕಣ್ರೋ, ಫ್ಯಾನು! ಏನಾದ್ರೂ ಸುಳ್ಳು ಹೇಳ್ರೋ" ಎಂದು ಅತ್ತಿಂದಿತ್ತ ಓಡಾಡುತ್ತಿದ್ದರು. ಯಾರ ಬಾಯಿಗೂ ಒಂದು ಸುಳ್ಳು ಬರಲಿಲ್ಲ. ಕಣ್ಣೆದುರು ಇಂಥ ನಿಜ ನಡೆಯುವಾಗ ಸುಳ್ಳು ಯಾರಿಗೆ ಬೇಕು?

ಹೂಂ ಎನ್ನಬೇಕು ಎಂದು ಬಾಯಿ ತೆರೆದೆ. ನಾಲಿಗೆ ಏಳಲಿಲ್ಲ. ನೂರಾರು ಜನ, ಅದರಲ್ಲಿ ಮುಕ್ಕಾಲು ಪಾಲು ಮುಖ ಕಂಡರಿಯದವರು, ಎಲ್ಲರೂ ಮಂಡಕ್ಕಿ ಪೊಟ್ಟಣ ಹಿಡಿದು ನನ್ನ ಬಾಯಿಯನ್ನೇ ನೋಡುತ್ತಿದ್ದಾರೆ. ಈ ವಯಸ್ಸಿನಲ್ಲಿ, ಎಣ್ಣೆ ಕೈಯಲ್ಲಿ, ನನಗೂ ನೀವು ಬೇಕು ಎಂದು ಹೇಗೆ ಕೂಗಲಿ? ಅತ್ತ ಮುರಿಗೆಪ್ಪನವರು ಎರಡನೆಯ ಕಾಲು ಮಡಚಿ ಮೂರನೆಯದಕ್ಕೆ ಕೈ ಹಾಕಿದ್ದರು.

ನನ್ನೆದುರು ಕನ್ನಡಕದ ಹೆಂಗಸೊಬ್ಬರು ಪೊಟ್ಟಣಕ್ಕೆ ಕೈ ಚಾಚಿಕೊಂಡು ನಿಂತಿದ್ದರು. ಹೊರಗಿನವರು, ಆಗಷ್ಟೇ ಗುಡ್ಡ ಹತ್ತಿ ಬಂದು ಯಾರು ಏನು ಎಂದು ತಿಳಿಯದವರು. ಪೊಟ್ಟಣ ಕೊಡುವ ನೆಪದಲ್ಲಿ ಬಗ್ಗಿ ಅವರ ಕಿವಿಯಲ್ಲಿ ಹೇಳಿದೆ:

"ಹೊನ್ನಕ್ಕ ಒಲ್ಲೆ ಅಂದ್ಲಂತೆ."

"ಯಾರು ಹೊನ್ನಕ್ಕ?"

"ಯಾರೋ, ನಂಗೇನು ಗೊತ್ತು. ಅಂದ್ಲಂತೆ."

ಆಯಮ್ಮ ಪುಣ್ಯಾತ್ಗಿತ್ತಿ. ಕೂಡಲೇ ಗಂಡನಿಗೆ ಹೇಳಿದಳು, ಗಂಡ ಪಕ್ಕದವರಿಗೆ ಹೇಳಿದ, ಪಕ್ಕದವರು ಅವರ ಅತ್ತೆಗೆ. ಒಲ್ಲೆ ಅಂದಳಂತೆ, ಮುಖಕ್ಕೆ ಹೊಡೆದ ಹಾಗೆ ಹೇಳಿದಳಂತೆ, ಮಂಡಕ್ಕಿ ಕೊಡೋದೂ ಇಲ್ಲ ಅಂದಳಂತೆ ಎಂದು ಮಾತು ಕೈಕಾಲು ಬೆಳೆಸಿಕೊಂಡು ಗುಂಪನ್ನು ಸುತ್ತಿತು. "ಛೆ, ಪಾಪ" ಎಂದರು ಕೆಲವರು. ಸುತ್ತಿ ಸುತ್ತಿ ಅದು ಮುರಿಗೆಪ್ಪನವರ ಕಿವಿಗೆ ಬಿದ್ದಿತು.

ಅವರ ಕೈ ನಿಂತಿತು. ಮುಖ ಎಷ್ಟು ಸಣ್ಣದಾಯಿತೆಂದರೆ, ಓಡಿ ಹೋಗಿ ಅವರ ಕೈ ಹಿಡಿದು ಸುಳ್ಳು ಸುಳ್ಳು ಎನ್ನಬೇಕೆನಿಸಿತು. ಇದೆಂಥ ಕೆಲಸ ಮಾಡಿದೆ, ಅಂತೆ ಎಂದರೆ ಆಗದ ಮನುಷ್ಯನಿಗೆ ಅಂತೆಯಲ್ಲೇ ಉತ್ತರ ಕೊಟ್ಟೆನಲ್ಲ ಎಂದು ನನ್ನನ್ನೇ ಬೈದುಕೊಂಡೆ.

ಗೊರಕ್ ಎಂದು ಸದ್ದಾಯಿತು.

ನನ್ನ ಕಡೆ ಬೊಟ್ಟು ಮಾಡಿದ್ದ ರೆಕ್ಕೆ ನಿಧಾನವಾಗಿ ಮೇಲೆದ್ದಿತು. ಅದರ ಹಿಂದೆ ಇನ್ನೊಂದು, ಮತ್ತೊಂದು. ನಾಲ್ಕು ಸುತ್ತು ಹಾಕುವುದರೊಳಗೆ ರೆಕ್ಕೆಗಳು ಕಣ್ಣಿಗೆ ಸಿಗಲಿಲ್ಲ. ಗುಡ್ಡದ ಮೇಲೆ ಹಿಂದೆಂದೂ ಬೀಸದ ಗಾಳಿ ಬೀಸಿತು. ಗಂಡಸರ ಟೋಪಿ ಹಾರಿತು, ಟೀಚರ ಸೆರಗು ಹಾರಿತು, ನಡುಹಗಲಲ್ಲಿ ಊರಿನ ಬೀದಿ ದೀಪಗಳೆಲ್ಲ ಝಗ್ಗೆಂದು ಹತ್ತಿದವು. ಮುರಿಗೆಪ್ಪನವರು ಕತ್ತೆತ್ತಿ ನೋಡುತ್ತ ನಿಂತರು. ಕಂಡದ್ದನ್ನು ನಂಬುವ ಮನುಷ್ಯ, ಕಾಣುತ್ತಿರುವುದರ ಅರ್ಥ ಆಗುವವರೆಗೂ ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು. ಊರಿನವರಿಗೆ ಅರ್ಥವಾಗಿ ಹೋ ಎಂದು ಕೂಗೆದ್ದಿತು.

ಅವರು ಬಂದರು. ಮುಖ ತುಂಬ ನಗು ಇತ್ತು. ಗಂಟಲು ಸರಿಮಾಡಿಕೊಂಡು, ಎಲ್ಲರಿಗೂ ಕೇಳುವ ಹಾಗೆ, ತಮ್ಮ ಜೀವಮಾನದ ಮೊದಲ ಅಂತೆಯನ್ನು ಆಡಿದರು.

"ಮುರಿಗೆಪ್ಪಂಗೆ ಬೋ ಬೇಜಾರಾಯ್ತಂತೆ."

ಜನ ಅದನ್ನು ಬಾಯಿಗೆ ತೆಗೆದುಕೊಂಡರು ನೋಡಿ, ಫ್ಯಾನು ಹುಚ್ಚೆದ್ದು ತಿರುಗಿತು. ತಾಡಪತ್ರಿ ಪಟಪಟ ಬಡಿದು ಕಿತ್ತುಕೊಂಡಿತು, ಮುಚ್ಚಳದ ಮೇಲಿನ ಕಲ್ಲು ಉರುಳಿತು, ಡಬ್ಬದಲ್ಲಿದ್ದ ಮಂಡಕ್ಕಿಯೆಲ್ಲ ಮೇಲೆದ್ದು ನಮ್ಮಿಬ್ಬರ ತಲೆಯ ಮೇಲೆ ಅಕ್ಷತೆಯ ಹಾಗೆ ಸುರಿಯಿತು. ಅವರ ಹುಬ್ಬಿನ ಮೇಲೆ ಕೂತಿದ್ದ ಒಂದು ಕಾಳನ್ನು ನಾನು ಎಣ್ಣೆ ಕೈಯಲ್ಲೇ ತೆಗೆದೆ. ಅವತ್ತು ಆಮೇಲೆ ನಾನು ವ್ಯಾಪಾರ ಮಾಡಲಿಲ್ಲ.

ಮರುದಿನ ಸೋಮವಾರ. ಪಾಳಿ ನನ್ನದೇ ಆದ್ದರಿಂದ ಸುಳ್ಳು ಬಿಡಿಸಬೇಕಾದವಳೂ ನಾನೇ. ಗುಡ್ಡದ ಮೇಲೆ ಊರಿನವರೆಲ್ಲ ಸೇರಿದ್ದರು, ಟೀಚರು ಹೊಸ ಸೀರೆ ಉಟ್ಟು ಬಂದಿದ್ದರು. ಈ ಸಲ ಬಾಯಿ ತಾನೇ ತೆರೆಯಿತು. "ಒಲ್ಲೆ ಅಂದಿದ್ದು ಸುಳ್ಳು ಕಣ್ರಪ್ಪೋ" ಎಂದು ಗಂಟಲು ಹರಿಯುವ ಹಾಗೆ ಕೂಗಿದೆ. ಫ್ಯಾನು ಮೆಲ್ಲಗೆ, ಗೌರವವಾಗಿ ನಿಂತಿತು. ಗ್ರೀಸು ಹಚ್ಚುವವರು ಏಣಿಯ ಮೇಲೆ ನಿಂತು ಚಪ್ಪಾಳೆ ಹೊಡೆದರು. ನಮ್ಮ ನಿಶ್ಚಿತಾರ್ಥ ಎಂದರೆ ಅದೇ.

ಈಗ ಊರಿನಲ್ಲಿ ಒಳ್ಳೆಯ ಸುಳ್ಳು ತೀರಿಹೋದಾಗಲೆಲ್ಲ ಕಮಿಟಿಯವರು ನಮ್ಮ ಮನೆಯ ಕಡೆ ಬರುತ್ತಾರೆ. ಹೊನ್ನಕ್ಕ, ಮುರಿಗೆಪ್ಪ ಜಗಳ ಆಡ್ಕೊಂಡು ಮಾತು ಬಿಟ್ಟವ್ರಂತೆ ಎಂದು ಹಬ್ಬಿಸುತ್ತಾರೆ. ಫ್ಯಾನು ಗಿರ್ರೆಂದು ತಿರುಗುತ್ತದೆ, ಬಂದವರು ಬಾಯಿ ಬಿಟ್ಟು ನೋಡುತ್ತಾರೆ. ಒಮ್ಮೊಮ್ಮೆ, ನಾನು ಸಿಟ್ಟಿನಲ್ಲಿ ಮುರಿಗೆಪ್ಪನವರ ಮಂಡಕ್ಕಿಗೆ ಬೇಕಂತಲೇ ಈರುಳ್ಳಿ ಹಾಕಿದ ದಿನ, ಮಧ್ಯಾಹ್ನದ ಹೊತ್ತಿಗೆ ಫ್ಯಾನು ಸ್ವಲ್ಪ ನಿಧಾನವಾಗುತ್ತದೆ. ಆಗ ಊರಿನವರೆಲ್ಲ ಗುಡ್ಡದ ಕಡೆ ನೋಡಿ, "ಹೊನ್ನಕ್ಕೋ, ಈರುಳ್ಳಿ ತೆಗೆಯಮ್ಮ, ದೀಪ ಮಂಕಾಗ್ತೈತೆ" ಎಂದು ಕೂಗುತ್ತಾರೆ.